ಪರ್ವತದರ್ಶನಕ್ಕೆ ಹಳಿ ಹಾಕಿದವರು

1863ನೆಯ ಇಸವಿಯ ಬೇಸಗೆಯಲ್ಲಿ ಯೂರೋಪಿನ ಇಬ್ಬರು ಗೃಹಸ್ಥರು, ಒಬ್ಬರ ವ್ಯವಹಾರಕ್ಕೂ ಮತ್ತೊಬ್ಬರದಕ್ಕೂ ಯಾವ ಸಂಬಂಧವೂ ಇಲ್ಲದೆ, ತಮ್ಮ ತಮ್ಮ ಕಸುಬಿನಲ್ಲಿ ಮಗ್ನರಾಗಿದ್ದುಕೊಂಡೇ ಒಂದು ಹೊಸ ಪದ್ಧತಿಗೆ ಅಸ್ತಿಭಾರ ಹಾಕಿದರು. ಅವರಲ್ಲೊಬ್ಬನು ಇಂಗ್ಲೆಂಡಿನ ಥಾಮಸ್ ಕುಕ್. ಜೂನ್ 26ರಂದು ಅವನು ಲಂಡನ್ನಿನಿಂದ ಒಂದು ದೊಡ್ಡ ತಂಡವನ್ನು ಕಟ್ಟಿಕೊಂಡು, ಅದರಲ್ಲಿ ಹಲವರಿಗೆ ಸ್ವಿಟ್ಜರ್ಲೆಂಡಿನ ಪರ್ವತಗಳನ್ನು ತೋರಿಸುವ ಸಂಕಲ್ಪದಿಂದ ಹೊರಟನು. ಮತ್ತೊಬ್ಬನು ಸ್ವಿಸ್ ರೈಲ್ವೆಯ ಕಾರ್ಯಾಗಾರವೊಂದರ ಮುಖ್ಯಸ್ಥನಾಗಿದ್ದ ನಿಕ್ಲಾಸ್ ರಿಗ್ಗೆನ್‌ಬಾಖ್; ಆಗಸ್ಟ್ 12ರಂದು ಅವನಿಗೆ ಫ್ರಾನ್ಸಿನಲ್ಲಿ, ಕಡಿದಾದ ಇಳಿಜಾರನ್ನು ಹತ್ತಬಲ್ಲ ಹಲ್ಲುಹಳಿಯ ಮೇಲೆ, ಪೇಟೆಂಟ್ ಹಕ್ಕು ದೊರೆಯಿತು. ಪ್ರಯಾಣದ ಚಿಂತೆಯನ್ನು ಪ್ರಯಾಣಿಕನ ತಲೆಯಿಂದ ಇಳಿಸಿದವನು ಕುಕ್. ಏರುವ ಶ್ರಮವನ್ನು ಅವನ ಕಾಲಿನಿಂದ ಇಳಿಸಿದವನು ರಿಗ್ಗೆನ್‌ಬಾಖ್. ಗಾಜಿನ ಕಿಟಕಿಯ ಬಳಿ ಕುಳಿತು, ಮಾರ್ಗದರ್ಶಕನ ವಿವರಣೆಯನ್ನು ಕೇಳುತ್ತ, ಹಿಮಶಿಖರಗಳ ನಡುವೆ ರೈಲಿನಲ್ಲಿ ವಿಹರಿಸುವ ಇಂದಿನ ರಜಾಕಾಲದ ವಿನೋದವೆಲ್ಲವೂ ಈ ಎರಡು ಉದ್ಯಮಗಳು ಮುಂದೆ ಕೂಡಿದುದರ ಫಲ.

ದೇವರ ಸನ್ನಿಧಿಗಾಗಿ ಬೆಟ್ಟವನ್ನು ಹತ್ತುವುದು ನಮ್ಮ ದೇಶದಲ್ಲಿ ಬಹು ಪುರಾತನವಾದ ಪದ್ಧತಿ. ಅಲ್ಲಿ ಹತ್ತುವ ಕಷ್ಟವೂ ಸೇವೆಯ ಒಂದು ಅಂಗವೇ ಆದುದರಿಂದ, ಅದನ್ನು ತಪ್ಪಿಸಿಕೊಳ್ಳಬೇಕೆಂಬ ಯೋಚನೆ ಭಕ್ತನಿಗೆ ಸುಲಭವಾಗಿ ಬರುವಂಥದಲ್ಲ. ಆದರೆ ಬೆಟ್ಟವನ್ನು ಬೆಟ್ಟವೆಂಬ ಕಾರಣಕ್ಕೇ ನೋಡಿ ಸಂತೋಷಪಡಬೇಕೆಂಬ ಆಸೆ ಯೂರೋಪಿನಲ್ಲಿಯೂ ಅಷ್ಟೇನೂ ಹಳೆಯದಲ್ಲ. ಶತಮಾನಗಳ ಕಾಲ ಆಲ್ಪ್ಸ್ ಪರ್ವತಶ್ರೇಣಿಯು ವರ್ತಕರಿಗೂ ಸೈನಿಕರಿಗೂ ಯಾತ್ರಿಕರಿಗೂ ದಾಟಿಹೋಗಬೇಕಾದ ಒಂದು ವಿಪತ್ತಾಗಿದ್ದಿತೇ ಹೊರತು ನೋಡಿಬರಬೇಕಾದ ವಸ್ತುವಾಗಿರಲಿಲ್ಲ. 1732ರಲ್ಲಿ ಆಲ್ಬ್ರೆಕ್ಟ್ ಹಾಲರನ ಆಲ್ಪ್ಸ್ ಕಾವ್ಯವೂ 1761ರಲ್ಲಿ ರೂಸೋವಿನ ಕಾದಂಬರಿಯೂ ಪ್ರಕಟವಾದ ಮೇಲೆ ವಿದ್ಯಾವಂತರ ದೃಷ್ಟಿ ಕ್ರಮೇಣ ತಿರುಗಿತು. 1786ರಲ್ಲಿ ಬಾಲ್ಮಾ ಮತ್ತು ಪಕ್ಕಾರ್ ಎಂಬಿಬ್ಬರು ಮೌಂಟ್ ಬ್ಲಾಂಕಿನ ನೆತ್ತಿಯನ್ನು ಮುಟ್ಟಿದರು. 1857ರ ಹೊತ್ತಿಗೆ ಲಂಡನ್ನಿನಲ್ಲಿ ಪರ್ವತಾರೋಹಿಗಳ ಸಂಘವೊಂದು ಸ್ಥಾಪಿತವಾಯಿತು. ಆದರೂ ಇದೆಲ್ಲವೂ ಕೈಯಲ್ಲಿ ಹಣವೂ ಕೈತುಂಬ ವಿರಾಮವೂ ಇದ್ದವರ ಸಂಗತಿ. ಗುಮಾಸ್ತನಿಗೂ ಉಪಾಧ್ಯಾಯಿನಿಗೂ ಆಲ್ಪ್ಸ್ ಎಂದರೆ ಗೋಡೆಯ ಮೇಲಿನ ಚಿತ್ರ ಮಾತ್ರ.

ಥಾಮಸ್ ಕುಕ್ಕನು ಅಂತಹ ಸಾಮಾನ್ಯರ ಮಧ್ಯದಿಂದಲೇ ಬಂದವನು. 1808ರಲ್ಲಿ ಡರ್ಬಿಷೈರಿನ ಒಂದು ಸಣ್ಣ ಊರಿನಲ್ಲಿ ಹುಟ್ಟಿ, ಮರಗೆಲಸ ಕಲಿತು, ಬ್ಯಾಪ್ಟಿಸ್ಟ್ ಪಂಥದ ಪ್ರಚಾರಕನಾಗಿ, ಕುಡಿತದ ವಿರುದ್ಧ ಊರೂರು ಸುತ್ತಿದವನು. 1841ರ ಜುಲೈ 5ರಂದು ಲೆಸ್ಟರಿನಿಂದ ಲಫ್‌ಬರೋವಿಗೆ, ತಲೆಗೆ ಒಂದು ಷಿಲಿಂಗಿನಂತೆ, ಸುಮಾರು 500 ಜನರನ್ನು ಪಾನನಿರೋಧದ ಸಭೆಗೆಂದು ವಿಶೇಷ ರೈಲಿನಲ್ಲಿ ಕರೆದೊಯ್ದುದೇ ಅವನ ಮೊದಲ ಸಾಹಸ. ಹೆಂಡದಂಗಡಿಯಿಂದ ಜನರನ್ನು ದೂರವಿಡಬೇಕಾದರೆ ಅವರಿಗೆ ಬೇರೆಯೊಂದು ನಿರ್ದೋಷವಾದ ಉಲ್ಲಾಸವನ್ನು ಒದಗಿಸಬೇಕೆಂಬುದು ಅವನ ತರ್ಕ. ಧರ್ಮಬುದ್ಧಿಯೂ ವ್ಯಾಪಾರಬುದ್ಧಿಯೂ ಅವನಲ್ಲಿ ಎಷ್ಟರಮಟ್ಟಿಗೆ ಹೆಣೆದುಕೊಂಡಿದ್ದುವೆಂದರೆ, ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಮೊದಲಾಗುವುದೆಂದು ಅವನೂ ಬಹುಶಃ ಹೇಳಲಾರದೆ ಹೋಗುತ್ತಿದ್ದನು. ಹಲವು ವರ್ಷ ಅವನ ತಂಡಗಳು ಸ್ಕಾಟ್ಲೆಂಡಿನ ಗುಡ್ಡಗಾಡಿಗೆ ಹೋಗಿಬರುತ್ತಿದ್ದುವು. 1862ರಲ್ಲಿ ಅಲ್ಲಿನ ರೈಲ್ವೆ ಕಂಪೆನಿಗಳು ಅವನಿಗೆ ಕೊಡುತ್ತಿದ್ದ ಅಗ್ಗದ ಟಿಕೆಟ್ಟುಗಳ ಸೌಲಭ್ಯವನ್ನು ನಿಲ್ಲಿಸಿದುದರಿಂದ, ಬದುಕುವ ದಾರಿಯನ್ನರಸುತ್ತ ಅವನು ಸ್ವಿಟ್ಜರ್ಲೆಂಡಿನ ಕಡೆಗೆ ಮುಖ ಮಾಡಿದನು. ಆಲ್ಪ್ಸ್ ಪರ್ವತಗಳು ಬಡ ಮಧ್ಯಮವರ್ಗಕ್ಕೆ ತೆರೆದುಕೊಂಡುದಕ್ಕೆ ಸ್ಕಾಟಿಷ್ ಕಂಪೆನಿಗಳ ಜಿಪುಣತನಕ್ಕೂ ಒಂದು ಪಾಲು ಕೃತಜ್ಞತೆ ಸಲ್ಲಬೇಕು!

ಆ ಮೊದಲ ಸ್ವಿಸ್ ಪ್ರವಾಸದ ವೃತ್ತಾಂತವು ನಮಗೆ ದೊರೆತಿರುವುದು ಯಾರ್ಕ್‌ಷೈರಿನ ಜೆಮೈಮಾ ಮೊರೆಲ್ ಎಂಬ ಅವಿವಾಹಿತ ಮಹಿಳೆಯ ದಿನಚರಿಯಿಂದ. ಅದು ಅಚ್ಚಾದುದು ಸರಿಯಾಗಿ ನೂರು ವರ್ಷಗಳ ಅನಂತರ, 1963ರಲ್ಲಿ. ಲಂಡನ್, ನ್ಯೂಹೇವನ್, ಡಿಯೆಪ್, ಪ್ಯಾರಿಸ್, ಜಿನೀವಾ, ಹೀಗೆ ರೈಲು ಹಡಗುಗಳಲ್ಲಿ ಸಾಗಿದವರಿಗೆ ಆಮೇಲೆ ಗತಿಯಾದುದು ಕುದುರೆಗಾಡಿ, ಹೇಸರಗತ್ತೆ ಮತ್ತು ತಮ್ಮವೇ ಕಾಲುಗಳು. ಬೆಳಗಿನ ಜಾವಕ್ಕೇ ಎದ್ದು ಹೊರಡಬೇಕು. ನೆಲ ಗುಡಿಸುವ ಉದ್ದನೆಯ ನಿಲುವಂಗಿಗಳನ್ನುಟ್ಟ ಹೆಂಗಸರು, ಕಬ್ಬಿಣದ ಮೊನೆಯ ಊರುಗೋಲು ಹಿಡಿದು, ಶಮೊನಿಯ ಬಳಿ ಹಿಮನದಿಯ ಬಿರುಕುಗಳನ್ನು ದಾಟಿದರು. ಬಂಡೆಯ ಗೋಡೆಯಲ್ಲಿ ಕೊರೆದ ಗೆಮ್ಮಿ ಘಾಟಿಯ ಕಾಲುದಾರಿಯನ್ನು ಹತ್ತಿದರು. ಇಂದಿನ ಪ್ರವಾಸಿಯು ತನ್ನ ಗುಂಪಿನ ಮಾರ್ಗದರ್ಶಕನನ್ನು ಕುರಿತು ಗೊಣಗುವ ಮುನ್ನ ಆ ಹೆಂಗಸರನ್ನು ನೆನೆಯುವುದು ಒಳ್ಳೆಯದು. ಕುಕ್ಕನು ಅವರಿಗೆ ಒದಗಿಸಿದುದು ಸುಖವಲ್ಲ, ಭರವಸೆ: ಟಿಕೆಟ್ಟು ಮುಂದಾಗಿಯೇ ಕೈಸೇರಿರುವುದೆಂಬ, ತಾವು ಪರದೇಶದಲ್ಲಿ ಒಬ್ಬಂಟಿಗರಲ್ಲವೆಂಬ ಭರವಸೆ. ಗಂಡಸಿನ ರಕ್ಷಣೆಯಿಲ್ಲದೆ ಹೆಂಗಸು ಊರು ಬಿಟ್ಟು ಹೊರಡುವುದೇ ಅಪರಾಧವೆನಿಸಿದ್ದ ಆ ಕಾಲದಲ್ಲಿ, ಕುಕ್ಕನ ತಂಡಗಳಲ್ಲಿ ಹೆಂಗಸರ ಸಂಖ್ಯೆ ದೊಡ್ಡದಾಗಿದ್ದುದು ಆಕಸ್ಮಿಕವಲ್ಲ.

ಹಿರಿಯ ಕುಲದವರಿಗೆ ಇದು ಸಹನೆಯಾಗಲಿಲ್ಲ. ಇಟಲಿಯಲ್ಲಿ ಬ್ರಿಟಿಷ್ ಉಪ-ಕಾನ್ಸಲ್ ಆಗಿದ್ದ ಚಾರ್ಲ್ಸ್ ಲೀವರ್ ಎಂಬ ಕಾದಂಬರಿಕಾರನು 1865ರಲ್ಲಿ ಮಾರುಹೆಸರಿನಿಂದ ಬರೆದು, ಆಸ್ಟ್ರೇಲಿಯದವರು ಬೇಡವೆಂದ ಅಪರಾಧಿಗಳನ್ನೇ ಇಂಗ್ಲಿಷ್ ಸರ್ಕಾರವು ಕುಕ್ಕನ ತಂಡಗಳ ವೇಷದಲ್ಲಿ ಯೂರೋಪಿನ ನಗರಗಳಿಗೆ ಸಾಗಿಸುತ್ತಿರುವುದೆಂಬ ಸುದ್ದಿಯನ್ನು ಹಬ್ಬಿಸಿದನು. ರಸ್ಕಿನ್ನನಂತಹ ದೊಡ್ಡ ಮನಸ್ಸಿನವನೂ ಸ್ವಿಟ್ಜರ್ಲೆಂಡಿಗೆ ರೈಲು ಬಂದುದನ್ನು ಕಂಡು ಕೋಪಗೊಂಡನು. ರಸ್ಕಿನ್ನನ ವ್ಯಥೆಯಲ್ಲಿ ಸತ್ಯವಿಲ್ಲದಿಲ್ಲ. ಆದರೆ ತಂದೆಯ ಗಾಡಿಯಲ್ಲಿ ಕುಳಿತು ಬಾಲ್ಯದಲ್ಲಿಯೇ ಆಲ್ಪ್ಸ್ ಕಂಡವನು, ಇತರರು ರೈಲಿನಲ್ಲಿ ಕಂಡರೆ ಅದು ಅಪವಿತ್ರವಾಗುವುದೆಂದು ಹೇಳುವಾಗ, ಆ ಮಾತನ್ನು ಸ್ವಲ್ಪ ಕಡಿತಮಾಡಿಯೇ ಸ್ವೀಕರಿಸಬೇಕಾಗುತ್ತದೆ.

ಇನ್ನು ರಿಗ್ಗೆನ್‌ಬಾಖನ ಹಳಿ ಹತ್ತಿದ ಬೆಟ್ಟದ ಕಡೆಗೆ ಬರೋಣ. ಲೂಸರ್ನ್ ಸರೋವರದ ಅಂಚಿನಲ್ಲಿ, 1800 ಮೀಟರಿಗೆ ತುಸುವೇ ಕಡಮೆ ಎತ್ತರದಲ್ಲಿ ನಿಂತಿರುವ ರಿಗಿ ಎಂಬ ಪರ್ವತವು ಎತ್ತರದಿಂದಲ್ಲ, ಸೂರ್ಯೋದಯದಿಂದ ಪ್ರಸಿದ್ಧವಾದುದು. 1816ರಿಂದಲೂ ಅದರ ನೆತ್ತಿಯಲ್ಲಿ ಒಂದು ತಂಗುದಾಣವಿದ್ದಿತು. ಬಲವಿದ್ದವರು ನಡೆದು ಹತ್ತುತ್ತಿದ್ದರು. ಉಳಿದವರು ಕುದುರೆಯ ಮೇಲೆ, ಇಲ್ಲವೆ ಕೂಲಿಯಾಳುಗಳು ಹೆಗಲ ಮೇಲೆ ಹೊರುವ ಕುರ್ಚಿಯಲ್ಲಿ. 1868ರಲ್ಲಿ ವಿಕ್ಟೋರಿಯ ರಾಣಿಯೂ ರಿಗಿಯನ್ನು ನೋಡಿಹೋದಳು. ಮುಂಜಾನೆ ಮರದ ಉದ್ದನೆಯ ಕೊಂಬನ್ನು ಊದಿ ಅತಿಥಿಗಳನ್ನೆಬ್ಬಿಸುತ್ತಿದ್ದರು. ಅವರೆಲ್ಲರೂ ನಿದ್ದೆಗಣ್ಣಿನಲ್ಲಿ ಹೊರಗೋಡಿ ಪೂರ್ವಕ್ಕೆ ಮುಖ ಮಾಡಿ ನಡುಗುತ್ತ ನಿಲ್ಲುತ್ತಿದ್ದರು. ಮಾರ್ಕ್ ಟ್ವೇನನು 1880ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಈ ವಿಧಿಯನ್ನು ಪರಿಹಾಸ್ಯಮಾಡಿ, ತಾನೂ ತನ್ನ ಸಂಗಡಿಗನೂ ಹಗಲೆಲ್ಲ ನಿದ್ದೆಹೊಡೆದು, ಸೂರ್ಯಾಸ್ತವನ್ನೇ ಸೂರ್ಯೋದಯವೆಂದು ಕಾದುನಿಂತುದಾಗಿ ಬರೆದಿದ್ದಾನೆ. ಅವನು ಹೋಗುವ ಹೊತ್ತಿಗೆ ಅಲ್ಲಿ ರೈಲು ಓಡುತ್ತಿದ್ದಿತು. ಹತ್ತುವಾಗ ನಡೆದವನು ಇಳಿಯುವಾಗ ಅದರಲ್ಲಿಯೇ ಇಳಿದನು.

ಆ ರೈಲಿನ ಯಂತ್ರಕೌಶಲವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಯವಾದ ಉಕ್ಕಿನ ಚಕ್ರ ನಯವಾದ ಉಕ್ಕಿನ ಹಳಿಯನ್ನು ಹಿಡಿಯುವುದು ಘರ್ಷಣೆಯ ಬಲದಿಂದ ಮಾತ್ರ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ 50 ಅಡಿ ಸಾಗಿದರೆ ಒಂದಡಿ ಏರು. ಅಷ್ಟಕ್ಕೇ ಎಂಜಿನ್ನುಗಳು ಏದುಸಿರು ಬಿಡುತ್ತವೆ. ರಿಗಿಯಲ್ಲಿ ನಾಲ್ಕಡಿಗೆ ಒಂದಡಿ ಏರು. ರಿಗ್ಗೆನ್‌ಬಾಖನು ಓಲ್ಟನ್ನಿನ ಕಾರ್ಯಾಗಾರದಲ್ಲಿದ್ದಾಗ, ಸಮೀಪದ ಹೌವೆನ್‌ಸ್ಟೈನ್ ಏರಿನಲ್ಲಿ ಎಂಜಿನ್ನಿನ ಚಕ್ರಗಳು ಮುಂದೆ ಸಾಗದೆ ನಿಂತಲ್ಲೇ ತಿರುಗುವುದನ್ನೂ, ಮರಳು ಸುರಿದರೂ ಪ್ರಯೋಜನವಾಗದುದನ್ನೂ ದಿನವೂ ಕಾಣುತ್ತಿದ್ದನು. ಅವನು ಕಂಡುಹಿಡಿದ ಉಪಾಯ ಸರಳವಾದುದು: ಎರಡು ಹಳಿಗಳ ನಡುವೆ, ನೆಲಕ್ಕೆ ಮಲಗಿಸಿದ ಏಣಿಯಂತೆ, ಅಡ್ಡಪಟ್ಟಿಗಳುಳ್ಳ ಮೂರನೆಯದೊಂದು ಹಳಿಯನ್ನು ಹಾಸುವುದು, ಎಂಜಿನ್ನಿನ ಕೆಳಗೆ ಒಂದು ಹಲ್ಲುಚಕ್ರವನ್ನು ಕೂಡಿಸಿ, ಅದರ ಹಲ್ಲುಗಳು ಒಂದಾದ ಮೇಲೊಂದರಂತೆ ಆ ಅಡ್ಡಪಟ್ಟಿಗಳನ್ನು ಕಚ್ಚಿ ಮೇಲೇರುವಂತೆ ಮಾಡುವುದು. ಹತ್ತುವುದಕ್ಕಿಂತಲೂ ಇಳಿಯುವುದೇ ಭಯಂಕರವಾದುದೆಂಬುದನ್ನು ಅವನು ಮರೆಯಲಿಲ್ಲ. ಇಳಿಯುವಾಗ ಉಗಿಯನ್ನು ನಿಲ್ಲಿಸಿ, ಸಿಲಿಂಡರುಗಳೊಳಕ್ಕೆ ಗಾಳಿಯನ್ನೆಳೆದುಕೊಂಡು ಒತ್ತಿಹಿಡಿದು, ಆ ಗಾಳಿಯ ಪ್ರತಿರೋಧದಿಂದಲೇ ವೇಗವನ್ನು ತಡೆಯುವ ಏರ್ಪಾಟನ್ನು ಅವನು ರಚಿಸಿದನು. ಬಾಯ್ಲರನ್ನು ನೇರವಾಗಿ ನಿಲ್ಲಿಸಿದುದೂ ವಿಚಾರಪೂರ್ವಕವೇ; ಮಲಗಿಸಿದ್ದರೆ ಕಡಿದಾದ ಏರಿನಲ್ಲಿ ನೀರು ಒಂದೇ ಕಡೆಗೆ ಸರಿದು, ಕಾದ ಕೊಳವೆಗಳು ಬತ್ತಿಹೋಗುವ ಅಪಾಯವಿದ್ದಿತು.

ಪೇಟೆಂಟ್ ದೊರೆತರೂ ಹಣ ದೊರೆಯಲಿಲ್ಲ. ಇವನು ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದಾಗಲೇ, ಅಮೆರಿಕದಲ್ಲಿ ಸಿಲ್ವೆಸ್ಟರ್ ಮಾರ್ಷ್ ಎಂಬಾತನು ಮೌಂಟ್ ವಾಷಿಂಗ್ಟನ್ನಿನ ಮೇಲೆ ಅಂತಹುದೇ ರೈಲನ್ನು 1869ರಲ್ಲಿ ಓಡಿಸಿಬಿಟ್ಟನು. ಕೊನೆಗೆ ನೆಫ್ ಮತ್ತು ಚೊಕ್ಕೆ ಎಂಬ ಇಬ್ಬರು ಎಂಜಿನಿಯರುಗಳ ನೆರವಿನಿಂದ ಕೆಲಸ ಕೈಗೂಡಿ, 1871ರ ಮೇ 21ರಂದು, ರಿಗ್ಗೆನ್‌ಬಾಖನಿಗೆ 54 ತುಂಬಿದ ಹುಟ್ಟುಹಬ್ಬದ ದಿನವೇ, ಸರೋವರದ ದಡದ ವಿಟ್ಸ್‌ನೌವಿನಿಂದ ರಿಗಿಗೆ ರೈಲು ಹತ್ತಿತು. ಯೂರೋಪಿನ ಮೊತ್ತಮೊದಲ ಪರ್ವತರೈಲು ಇದೇ. ಸ್ವಾರಸ್ಯವೇನೆಂದರೆ, ಅದು ನೆತ್ತಿಯವರೆಗೆ ಹೋಗಲಿಲ್ಲ! ಅಪ್ಪಣೆ ಕೊಟ್ಟ ಲೂಸರ್ನ್ ಪ್ರಾಂತದ ಸರಹದ್ದು ಸ್ವಲ್ಪ ಕೆಳಗೇ ಮುಗಿದು, ಶಿಖರವು ಷ್ವೀಟ್ಸ್ ಪ್ರಾಂತಕ್ಕೆ ಸೇರಿದ್ದಿತು. ಆ ಪ್ರಾಂತದವರು ಮಿಕ್ಕ ಹಾದಿಯ ಅಪ್ಪಣೆಯನ್ನು ಬೇರೆ ಕಂಪೆನಿಗೆ ಕೊಡಲು, ಆ ಕಂಪೆನಿ ತಾನು ಹಾಸಿದ ತುಂಡುಹಳಿಯನ್ನು 1873ರಲ್ಲಿ ವಿಟ್ಸ್‌ನೌವಿನವರಿಗೇ ಬಾಡಿಗೆಗೆ ಬಿಟ್ಟಿತು. ಗಡಿಕಲ್ಲಿನ ಜಗಳ ನಮ್ಮ ಶಾನುಭೋಗರ ಸ್ವತ್ತೆಂದು ತಿಳಿದವರು ಇದನ್ನು ಗಮನಿಸಬೇಕು.

ಲೋಕದಲ್ಲಿ ಅದುವರೆಗೆ ಹಾಸಿದ್ದ ರೈಲುಗಳು ಬಹುಮಟ್ಟಿಗೆ ಯಾವುದಾದರೊಂದು ಊರನ್ನು ಮತ್ತೊಂದು ಊರಿಗೋ, ಗಣಿಯನ್ನು ಬಂದರಿಗೋ ಸೇರಿಸುವುವು. ರಿಗಿಯ ರೈಲು ಸೇರಿಸುವುದು ಸರೋವರದ ದಡವನ್ನು ಒಂದು ನೋಟದೊಡನೆ. ಹೋದವರು ಅಲ್ಲಿ ಮಾಡುವ ಕೆಲಸವೆಂದರೆ ನೋಡುವುದು; ನೋಡಿದ ಮೇಲೆ ಇಳಿಯುವುದು. ಇಂತಹ ನಿರುದ್ದೇಶವಾದ ರೈಲಿನಿಂದ ಲಾಭವೂ ಬರುವುದೆಂಬುದು ತಿಳಿದೊಡನೆ ಇಡೀ ದೇಶಕ್ಕೆ ಒಂದು ಬಗೆಯ ಹುಚ್ಚು ಹಿಡಿಯಿತು. 1875ರಲ್ಲಿ ರಿಗಿಯ ಮತ್ತೊಂದು ಮಗ್ಗುಲಿನಿಂದ ಎರಡನೆಯ ರೈಲು. 1889ರಲ್ಲಿ ಪಿಲಾಟಸ್ ಪರ್ವತಕ್ಕೆ, ನೂರಡಿಗೆ 48 ಅಡಿ ಏರುವ, ಇಂದಿಗೂ ಅದನ್ನು ಮೀರಿಸಿದುದಿಲ್ಲದ ಹಲ್ಲುಹಳಿ. 1898ರಲ್ಲಿ ಮ್ಯಾಟರ್‌ಹಾರ್ನಿನ ಇದಿರಿಗೆ ಗೋರ್ನರ್‌ಗ್ರಾಟಿನ ವಿದ್ಯುತ್ ರೈಲು. ಕುರ್ಚಿ ಹೊರುವವರ ಮತ್ತು ಕುದುರೆಯವರ ಜೀವನೋಪಾಯಕ್ಕೆ ಕತ್ತರಿ ಬಿದ್ದುದನ್ನು ಮಾತ್ರ ಆ ಸಂಭ್ರಮದಲ್ಲಿ ಹೆಚ್ಚು ಜನ ಗಮನಿಸಲಿಲ್ಲ.

ಈ ಹುಚ್ಚಿನ ಪರಾಕಾಷ್ಠೆ ಯುಂಗ್‌ಫ್ರೌ ರೈಲು. ಜ್ಯೂರಿಕ್ಕಿನ ಉದ್ಯಮಪತಿ ಅಡಾಲ್ಫ್ ಗೈಯರ್-ಜೆಲ್ಲರನು 1893ರಲ್ಲಿ ಮಗಳೊಡನೆ ಬೆಟ್ಟ ಸುತ್ತುತ್ತಿದ್ದಾಗ, ಐಗರ್ ಪರ್ವತದ ಒಡಲಿನೊಳಗೆ ಸುರಂಗ ಕೊರೆದು ಯುಂಗ್‌ಫ್ರೌವನ್ನು ಮುಟ್ಟಬಹುದೆಂದು ಯೋಚಿಸಿದನು. 1896ರಲ್ಲಿ ಆರಂಭವಾದ ಕೆಲಸವು 16 ವರ್ಷ ಹಿಡಿಯಿತು. ಖರ್ಚು ಅಂದಾಜಿನ ಎರಡರಷ್ಟಾಯಿತು. ಯಜಮಾನನೇ 1899ರಲ್ಲಿ ತೀರಿಕೊಂಡನು. ಚಳಿಯಲ್ಲಿ ಸಿಡಿಮದ್ದಿನೊಡನೆ ಗುದ್ದಾಡಿದವರು ಬಹುಪಾಲು ಇಟಲಿಯಿಂದ ಬಂದ ಕೂಲಿಗಳು. ಅವರಲ್ಲಿ ಹಲವರು ಮರಳಿ ಮನೆ ಕಾಣಲಿಲ್ಲ. ಸುರಂಗದ ನಡುವೆ ಐಗರಿನ ಬಂಡೆಯನ್ನು ತೂತು ಮಾಡಿ ಕಿಟಕಿಗಳನ್ನಿರಿಸಿ, ಅಲ್ಲಿ ರೈಲು ನಿಲ್ಲಿಸಿ, ಪಾತಾಳವನ್ನು ತೋರಿಸುವ ಏರ್ಪಾಟು ಮಾಡಿದರು. 1912ರ ಆಗಸ್ಟ್ 1ರಂದು, ಸ್ವಿಸ್ ರಾಷ್ಟ್ರದಿನದಂದು, 3454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್ ನಿಲ್ದಾಣ ತೆರೆಯಿತು. ಗೈಯರ್-ಜೆಲ್ಲರನು ಕನಸಿದ್ದ ಶಿಖರವನ್ನು ರೈಲು ಮುಟ್ಟಲೇ ಇಲ್ಲ. ಕೆಳಗಿನ ಕಣಿವೆಭುಜದಲ್ಲಿಯೇ ನಿಂತಿತು. ನಿಂತುದು ಒಳ್ಳೆಯದೇ ಆಯಿತೆಂದು ನನ್ನ ಮತ.

ಏಕೆಂದರೆ ಅಷ್ಟರಲ್ಲಿ ಸ್ವಿಸ್ ಜನರೇ ಎಚ್ಚರಗೊಂಡಿದ್ದರು. ಮ್ಯಾಟರ್‌ಹಾರ್ನಿನ ತುದಿಗೂ ರೈಲು ಹತ್ತಿಸುವ ಅರ್ಜಿಯೊಂದು ಸರ್ಕಾರದ ಮುಂದೆ ಬಂದಾಗ, 1905ರಲ್ಲಿ ಸ್ಥಾಪಿತವಾಗಿದ್ದ ನಾಡಿನ ಚೆಲುವನ್ನು ಕಾಯುವ ಸಂಘವು ಅದನ್ನು ಪ್ರತಿಭಟಿಸಿ ಸುಮಾರು 70,000 ಸಹಿಗಳನ್ನು ಕೂಡಿಸಿತು. ಆ ರೈಲು ಕಾಗದದ ಮೇಲೆಯೇ ಉಳಿಯಿತು. ರಿಗಿಗೆ ರೈಲು ಬಂದುದು ನ್ಯಾಯ, ಮ್ಯಾಟರ್‌ಹಾರ್ನಿಗೆ ಬಾರದುದೂ ನ್ಯಾಯ. ಮುದುಕರೂ ಮಕ್ಕಳೂ ಅಶಕ್ತರೂ ನೋಡುವುದಕ್ಕೆ ಕೆಲವು ಬೆಟ್ಟಗಳಾದರೂ ಬೇಕು. ಯಾರೂ ಸುಲಭವಾಗಿ ನಿಲ್ಲಲಾರದ ಕೆಲವು ತುದಿಗಳೂ ಬೇಕು.

ಮೂಡಣ ಸ್ವಿಟ್ಜರ್ಲೆಂಡಿನಲ್ಲಿ ಇನ್ನೊಂದು ಬಗೆಯ ರೈಲು ಬೆಳೆಯಿತು. ಹಾಲೆಂಡಿನಿಂದ ಬಂದ ಹೋಲ್ಸ್‌ಬೂರ್ ಎಂಬ ಸಾಹಸಿ ಮೊದಲು ಮಾಡಿದ ರೇಷಿಯನ್ ರೈಲ್ವೆಯು ಊರುಗಳನ್ನು ಸೇರಿಸುವ ನಿಜವಾದ ಕೆಲಸದ ರೈಲೇ. ದೃಶ್ಯವು ಅದಕ್ಕೆ ಕೊಸರಾಗಿ ಬಂದುದು. 1902ರಲ್ಲಿ ಮುಗಿದ ಲಾಂಡ್‌ವಾಸರ್ ಸೇತುವೆಯನ್ನು ನೋಡಿ: ಆರು ಕಲ್ಲುಕಮಾನುಗಳು, 65 ಮೀಟರ್ ಎತ್ತರ, ಹಳಿಯು ಅದರ ಮೇಲೆ ಬಾಗುತ್ತ ಹೋಗಿ, ಇದಿರಿಗೆ ಲಂಬವಾಗಿ ನಿಂತ ಬಂಡೆಯ ಗೋಡೆಯೊಳಗಿನ ಸುರಂಗಕ್ಕೆ ನೇರವಾಗಿ ನುಗ್ಗುತ್ತದೆ. ಸಾರುವೆ ಕಟ್ಟದೆ, ಕಬ್ಬಿಣದ ಗೋಪುರಗಳನ್ನೇ ನಡುವೆ ನಿಲ್ಲಿಸಿ ಅವುಗಳ ಸುತ್ತ ಕಂಬಗಳನ್ನು ಮೇಲೆಬ್ಬಿಸಿದರು. 1910ರಲ್ಲಿ ಪೂರ್ತಿಯಾದ ಬೆರ್ನೀನಾ ಮಾರ್ಗವು ಹಲ್ಲುಹಳಿಯ ಹಂಗಿಲ್ಲದೆ 2253 ಮೀಟರ್ ಎತ್ತರಕ್ಕೇರಿ ಇಟಲಿಯ ಟಿರಾನೋವಿಗೆ ಇಳಿಯುತ್ತದೆ. ಲಾಂಡ್‌ವಾಸರ್ ಸೇತುವೆಯಿರುವ ಮಾರ್ಗವನ್ನೂ ಬೆರ್ನೀನಾ ಮಾರ್ಗವನ್ನೂ 2008ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಬಿಡಿಬಿಡಿಯಾಗಿದ್ದ ಮಾರ್ಗಗಳನ್ನು ಒಂದುಗೂಡಿಸಿ, 1930ರ ಜೂನ್ 25ರಂದು ಜರ್ಮ್ಯಾಟಿನಿಂದ ಸೇಂಟ್ ಮೋರಿಟ್ಸಿಗೆ ಗ್ಲೇಸಿಯರ್ ಎಕ್ಸ್‌ಪ್ರೆಸ್ ಹೊರಟಿತು. ಹೆಸರಿಗೆ ಎಕ್ಸ್‌ಪ್ರೆಸ್, ಇಂದಿಗೂ ಆ ದೂರಕ್ಕೆ ಸುಮಾರು ಎಂಟು ಗಂಟೆ ತೆಗೆದುಕೊಳ್ಳುತ್ತದೆ, ತಾನು ಲೋಕದ ಅತಿ ನಿಧಾನದ ಎಕ್ಸ್‌ಪ್ರೆಸ್ಸೆಂದು ತಾನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಮೊದಲಲ್ಲಿ ಅದು ಫುರ್ಕಾ ಘಾಟಿಯನ್ನು ಹತ್ತಿ ರೋನ್ ಹಿಮನದಿಯ ಸಮೀಪ ಹಾಯುತ್ತಿದ್ದಿತು. ಅಲ್ಲಿನ ಸ್ಟೆಫೆನ್‌ಬಾಖ್ ಹಳ್ಳದ ಸೇತುವೆಯನ್ನು ಹಿಮಪ್ರಪಾತಗಳು ಕೊಚ್ಚಿಹಾಕುವ ಭಯದಿಂದ, ಪ್ರತಿ ಶರತ್ಕಾಲದಲ್ಲಿ ಮಡಿಚಿ ತೆಗೆದಿಟ್ಟು, ಮರುವಸಂತದಲ್ಲಿ ಮತ್ತೆ ಕೂಡಿಸುತ್ತಿದ್ದರು. 1982ರಲ್ಲಿ 15 ಕಿಲೋಮೀಟರಿಗೂ ಉದ್ದವಾದ ಸುರಂಗ ತೆರೆದ ಮೇಲೆ ರೈಲು ವರ್ಷವಿಡೀ ಓಡುವಂತಾಯಿತು, ಹಿಮನದಿ ಮಾತ್ರ ಕಾಣದಾಯಿತು. ಹಳೆಯ ಹಳಿಯನ್ನು ಉಗಿಬಂಡಿಯ ಅಭಿಮಾನಿಗಳು ತಾವೇ ದುಡಿದು ದುರಸ್ತಿಮಾಡಿ, ಬೇಸಗೆಯ ತಿಂಗಳುಗಳಲ್ಲಿ ಓಡಿಸುತ್ತಿದ್ದಾರೆ. ಎಕ್ಸ್‌ಪ್ರೆಸ್ಸಿನಲ್ಲಿ ಮಾರ್ಗದರ್ಶಕನ ಕೆಲಸವನ್ನು ಈಗ ಕಿವಿಗಿಟ್ಟುಕೊಳ್ಳುವ ಯಂತ್ರ ಮಾಡುತ್ತದೆ. ಥಾಮಸ್ ಕುಕ್ಕನ ಹೆಸರಿನ ಇಂಗ್ಲಿಷ್ ಕಂಪೆನಿಯಾದರೋ 2019ರ ಸೆಪ್ಟೆಂಬರಿನಲ್ಲಿ ದಿವಾಳಿಯಾಗಿ ಮುಚ್ಚಿಹೋಯಿತು.

ಈ ಕಥೆಯ ಒಂದು ಎಳೆ ನಮ್ಮ ಮಗ್ಗುಲಿಗೇ ಬಂದು ಮುಟ್ಟುತ್ತದೆ. ನೀಲಗಿರಿಗೆ ರೈಲು ಹತ್ತಿಸಬೇಕೆಂಬ ಯೋಚನೆ 1854ರಷ್ಟು ಹಿಂದೆಯೇ ಹುಟ್ಟಿದ್ದಿತು; 1880ರ ದಶಕದಲ್ಲಿ ರಿಗ್ಗೆನ್‌ಬಾಖನೇ ಕೂನೂರಿಗೆ ಬಂದು ಸ್ಥಳವನ್ನು ಪರಿಶೀಲಿಸಿದನು. ಕೊನೆಗೆ ಅಲ್ಲಿ ಹಾಸಿದುದು ಅವನ ಏಣಿಹಳಿಯನ್ನಲ್ಲ, ಅವನ ಕೈಕೆಳಗೆ ಪಳಗಿದ ರೋಮನ್ ಆಬ್ಟನ ಪದ್ಧತಿಯನ್ನು. ಅದರಲ್ಲಿ ಎರಡು ಹಲ್ಲುಪಟ್ಟಿಗಳು ಒಂದರ ಹಲ್ಲಿಗೆ ಇನ್ನೊಂದರ ಸಂದು ಬರುವಂತೆ ಜೋಡಿಸಲ್ಪಟ್ಟಿರುವುದರಿಂದ, ಚಕ್ರದ ಹಿಡಿತ ಯಾವ ಕ್ಷಣದಲ್ಲಿಯೂ ತಪ್ಪದು. 1891ರಲ್ಲಿ ಕೆಲಸ ಮೊದಲಾಗಿ, ಕಂಪೆನಿ ಮುಳುಗಿ, ಮತ್ತೊಂದು ಕಂಪೆನಿ ಎದ್ದು, 1899ರಲ್ಲಿ ಮೆಟ್ಟುಪಾಳಯದಿಂದ ಕೂನೂರಿಗೂ 1908ರಲ್ಲಿ ಉದಕಮಂಡಲಕ್ಕೂ ರೈಲು ಬಂದಿತು. ಮುಂದೆ ಅದರ ಎಂಜಿನ್ನುಗಳಲ್ಲಿ ಹಲವನ್ನು ಕಟ್ಟಿಕೊಟ್ಟುದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೆ. ರಿಗಿಯ 7ನೆಯ ನಂಬರಿನ ಎಂಜಿನ್ನು ಅದೇ ಕಾರ್ಖಾನೆಯ ಚೊಚ್ಚಲು. ಉದ್ದೇಶ ಮಾತ್ರ ಬೇರೆ. ರಿಗಿಯ ರೈಲು ನೋಡುವವರಿಗಾಗಿ ಹುಟ್ಟಿತು; ನೀಲಗಿರಿಯದು ಬೇಸಗೆಯಲ್ಲಿ ಬೆಟ್ಟ ಹತ್ತುವ ಮದರಾಸು ಸರ್ಕಾರಕ್ಕಾಗಿಯೂ, ತೋಟಗಳ ಸರಕಿಗಾಗಿಯೂ. ಅಧಿಕಾರಿಗಳು ಹೊರಟುಹೋದ ಮೇಲೆ ನೋಡುವವರು ಉಳಿದರು. 2005ರಲ್ಲಿ ಅದೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಕನ್ನಡನಾಡಿನ ಪ್ರವಾಸಿಗಳಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮವರು ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರುಗಳ ಹಾದಿಯಾಗಿ ಉದಕಮಂಡಲವನ್ನು ಸೇರಿ, ಅಲ್ಲಿಂದ ಕೂನೂರಿನವರೆಗೆ ಗಂಟೆಯೊಂದರ ರೈಲುಪ್ರಯಾಣ ಮಾಡಿ, ನೀಲಗಿರಿಯ ರೈಲನ್ನು ನೋಡಿದ್ದಾಯಿತೆಂದು ಮರಳುತ್ತಾರೆ. ಆ ಮೇಲಿನ ಭಾಗದಲ್ಲಿ ಹಲ್ಲುಹಳಿಯೇ ಇಲ್ಲ. ಅದಿರುವುದು ಕೆಳಗೆ, ಕಲ್ಲಾರಿಗೂ ಕೂನೂರಿಗೂ ನಡುವೆ. ಹನ್ನೆರಡೂವರೆ ಅಡಿಗೆ ಒಂದಡಿ ಏರುವ ಕಾಡಿನಲ್ಲಿ, ಎಂಜಿನ್ನು ಹಿಂದಿನಿಂದ ನೂಕುತ್ತ, ಗಂಟೆಗೆ 13 ಕಿಲೋಮೀಟರಿಗಿಂತ ಹೆಚ್ಚು ವೇಗವಿಲ್ಲದೆ, ಪ್ರತಿ ಗಾಡಿಯಲ್ಲಿಯೂ ಬ್ರೇಕಿನ ಆಳು ನಿಂತಿರಲು ರೈಲು ಹತ್ತುವುದು ಅಲ್ಲಿ. ಆದುದರಿಂದ ಅದನ್ನು ನೋಡಬೇಕೆನ್ನುವವರು ಘಾಟಿಯನ್ನು ಸುತ್ತಿಳಿದು ಮೆಟ್ಟುಪಾಳಯಕ್ಕೆ ಹೋಗಿ, ಮುಂಗಡವಾಗಿ ಟಿಕೆಟ್ಟು ಮಾಡಿಸಿ, ಬೆಳಗಿನ ಗಾಡಿಯಲ್ಲಿ ಕೆಳಗಿನಿಂದ ಮೇಲಕ್ಕೆ ಬರಬೇಕು.